‘ಬೇಡ’ ಎನ್ನುವುದಕ್ಕೂ ಹಣ ಬೇಕು: ಸೇವಾಸಂಸ್ಥೆಗಳ ಧ್ಯೇಯ ಮತ್ತು ದೇಣಿಗೆ

ಸೇವಾಸಂಸ್ಥೆಯೊಂದು ತನ್ನ ಧ್ಯೇಯವನ್ನು ಒಂದೇ ದಿನದಲ್ಲಿ ಕೈಬಿಡುವುದು ತೀರಾ ಅಪರೂಪ. ದಾನಿಯೊಬ್ಬರು ಎದುರಿಗೆ ಕುಳಿತು ‘ನಿಮ್ಮ ಕೆಲಸ ನಿಲ್ಲಿಸಿ, ನಾನು ಹೇಳಿದ್ದನ್ನು ಮಾಡಿ’ ಎಂದು ಕೇಳುವುದೂ ಇಲ್ಲ. ಹಾಗೆ ಕೇಳಿದರೆ ಹೆಚ್ಚಿನ ಸಂಸ್ಥೆಗಳು ಆ ಹಣವನ್ನು ಮುಟ್ಟಲಾರವು. ದಾರಿ ತಪ್ಪುವುದು ಅನುದಾನದ ಅರ್ಜಿಯಲ್ಲಿ, ಒಂದೊಂದೇ ವಾಕ್ಯದಲ್ಲಿ.

ಮಕ್ಕಳಿಗೆ ಓದು ಕಲಿಸುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳಿ. ದೊಡ್ಡ ಪ್ರತಿಷ್ಠಾನವೊಂದು ಈ ವರ್ಷ ಯುವಜನರ ಕೌಶಲ ತರಬೇತಿಗೆ ಅನುದಾನ ಕೊಡುವುದಾಗಿ ಪ್ರಕಟಿಸುತ್ತದೆ. ಓದು ಬಂದರೆ ತಾನೇ ಕೌಶಲ ಎಂದು ಯೋಚಿಸಿದ ಸಂಸ್ಥೆಯವರು ಪ್ರಸ್ತಾವನೆಯಲ್ಲಿ ಒಂದು ಪ್ಯಾರಾ ಸೇರಿಸುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಅನುದಾನ ಮಂಜೂರಾಗುತ್ತದೆ. ಮುಂದಿನ ವರ್ಷ ತರಬೇತುದಾರರ ನೇಮಕವಾಗುತ್ತದೆ. ಅದರ ಮರುವರ್ಷ ಅನುಭವಿ ಶಿಕ್ಷಕಿಯರ ಅರ್ಧ ದಿನ ತರಬೇತಿಯ ಹಾಜರಾತಿ ಪಟ್ಟಿ ತುಂಬುವುದರಲ್ಲಿ ಕಳೆಯುತ್ತದೆ. ಇನ್ನೆರಡು ವರ್ಷಗಳಲ್ಲಿ ಓದಿನ ಕೇಂದ್ರಗಳಿಗೆ ಹಣವಿಲ್ಲವೆಂದು ಅವುಗಳಲ್ಲಿ ಕೆಲವನ್ನು ಮುಚ್ಚಬೇಕಾಗುತ್ತದೆ. ಸಂಸ್ಥೆಯ ಬಜೆಟ್ ದೊಡ್ಡದಾಗಿದೆ, ಸಿಬ್ಬಂದಿ ಹೆಚ್ಚಾಗಿದ್ದಾರೆ, ವಾರ್ಷಿಕ ವರದಿ ಹೊಳೆಯುತ್ತಿದೆ. ಓದು ಕಲಿಯಬೇಕಿದ್ದ ಮಕ್ಕಳು ಮಾತ್ರ ಹಾಗೆಯೇ ಉಳಿದಿದ್ದಾರೆ. ಈ ಐದು ವರ್ಷಗಳಲ್ಲಿ ತಪ್ಪು ನಿರ್ಧಾರವೆಂದು ಬೆರಳಿಟ್ಟು ತೋರಿಸಬಹುದಾದ ಒಂದು ದಿನವನ್ನೂ ನೀವು ಹುಡುಕಲಾರಿರಿ.

ಇದನ್ನು ಧ್ಯೇಯಚ್ಯುತಿ ಎನ್ನೋಣ. ಇದು ಕೆಟ್ಟವರಿಗೆ ಬರುವ ರೋಗವೆಂದು ನಾನು ಒಪ್ಪುವುದಿಲ್ಲ. ಇದರ ಬೇರು ಲಾಭರಹಿತ ಸಂಸ್ಥೆಗಳ ರಚನೆಯಲ್ಲೇ ಇದೆ. ವ್ಯಾಪಾರದಲ್ಲಿ ಸರಕು ಪಡೆಯುವವರೇ ಬೆಲೆ ತೆರುತ್ತಾರೆ. ಸರಕು ಕೆಟ್ಟದ್ದಾದರೆ ಮತ್ತೆ ಬರುವುದಿಲ್ಲ, ಅಂಗಡಿಗೆ ವಿಷಯ ಬೇಗ ತಿಳಿಯುತ್ತದೆ. ಸೇವಾಸಂಸ್ಥೆಯಲ್ಲಿ ಸೇವೆ ಪಡೆಯುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು. ಮಗುವಿಗೆ ಓದು ಬರದಿದ್ದರೆ ಅದರಿಂದ ಸಂಸ್ಥೆಯ ಖಾತೆಗೆ ಬರುವ ಹಣವೇನೂ ನಿಲ್ಲುವುದಿಲ್ಲ. ದಾನಿಗೆ ಬೇಸರವಾದರೆ ಮಾತ್ರ ನಿಲ್ಲುತ್ತದೆ. ಹೀಗಾಗಿ ಸಂಸ್ಥೆಯ ಗಮನ ನಿಧಾನವಾಗಿ ಮಗುವಿನಿಂದ ದಾನಿಯ ಕಡೆಗೆ ಸರಿಯುತ್ತದೆ. ಯಾವ ಸಂಪನ್ಮೂಲವಿಲ್ಲದೆ ಸಂಸ್ಥೆ ಬದುಕಲಾರದೋ ಅದನ್ನು ಹಿಡಿದವರ ಕೈಗೆ ಸಂಸ್ಥೆಯ ಮೇಲಿನ ಹಿಡಿತವೂ ಹೋಗುತ್ತದೆ ಎಂಬುದನ್ನು ಜೆಫ್ರಿ ಫೆಫರ್ ಮತ್ತು ಜೆರಾಲ್ಡ್ ಸಲಾನ್ಸಿಕ್ ಎಂಬ ವಿದ್ವಾಂಸರು 1978ರಲ್ಲೇ ಸಿದ್ಧಾಂತವಾಗಿ ಮಂಡಿಸಿದ್ದರು. ಅಂದಮೇಲೆ ಸಂಸ್ಥೆಯವರು ಪ್ರಾಮಾಣಿಕರಾಗಿದ್ದರಷ್ಟೇ ಸಾಲದು. ಬೇಡವಾದ ಹಣಕ್ಕೆ ಬೇಡ ಎನ್ನುವ ಆರ್ಥಿಕ ಶಕ್ತಿಯೂ ಅವರಿಗಿರಬೇಕು.

ಬದಲಾವಣೆಯೆಲ್ಲ ಚ್ಯುತಿಯಲ್ಲ

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ಧ್ಯೇಯಕ್ಕೆ ಬದ್ಧವಾಗಿರುವುದೆಂದರೆ ಹಳೆಯ ಕೆಲಸವನ್ನೇ ಹಳೆಯ ರೀತಿಯಲ್ಲೇ ಮಾಡುತ್ತಿರುವುದಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸ್ವತಃ ಪೋಲಿಯೊ ಪೀಡಿತರೆಂದೇ ಹೆಸರಾಗಿದ್ದವರು. 1938ರಲ್ಲಿ ಅವರು ಸ್ಥಾಪಿಸಿದ ಪ್ರತಿಷ್ಠಾನವು ಸಾಮಾನ್ಯ ಜನರಿಂದ ಹತ್ತು ಸೆಂಟ್‌ಗಳ ನಾಣ್ಯಗಳನ್ನು ಸಂಗ್ರಹಿಸಿ ಪೋಲಿಯೊ ವಿರುದ್ಧ ಹೋರಾಡಿತು. ಮಾರ್ಚ್ ಆಫ್ ಡೈಮ್ಸ್ ಎಂದೇ ಅದು ಪ್ರಸಿದ್ಧ. ಅದು ನೆರವು ನೀಡಿದ ಜೋನಾಸ್ ಸಾಲ್ಕ್ ಅವರ ಲಸಿಕೆ ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು 1955ರಲ್ಲಿ ಘೋಷಣೆಯಾಯಿತು. ಅಲ್ಲಿಗೆ ಸಂಸ್ಥೆ ಹುಟ್ಟಿದ ಕಾರಣವೇ ಈಡೇರುತ್ತ ಬಂದಿತ್ತು. 1958ರಲ್ಲಿ ಅದು ಹುಟ್ಟಿನಿಂದ ಬರುವ ಅಂಗವೈಕಲ್ಯಗಳ ಕಡೆಗೆ ತಿರುಗಿತು.

ಈ ತಿರುವನ್ನು ನಾನು ಚ್ಯುತಿ ಎನ್ನಲಾರೆ. ಸಂಸ್ಥೆಯು ಎಲ್ಲರ ಮುಂದೆ ಹೊಸ ಗುರಿಯನ್ನು ಪ್ರಕಟಿಸಿ ಹೊರಟಿತು. ನಾಣ್ಯ ಕೊಡುವ ಜನರಿಗೆ ತಮ್ಮ ಹಣ ಇನ್ನು ಮುಂದೆ ಯಾವುದಕ್ಕೆ ಹೋಗುತ್ತದೆಂದು ತಿಳಿದಿತ್ತು. ಒಪ್ಪದವರು ಕೊಡದೆ ಇರಬಹುದಿತ್ತು. ಊಹೆಯ ಓದಿನ ಸಂಸ್ಥೆಯಲ್ಲಿ ನಡೆದದ್ದೇ ಬೇರೆ. ಕೌಶಲ ತರಬೇತಿಯೇ ನಮ್ಮ ಮುಖ್ಯ ಕೆಲಸವೆಂದು ಅಲ್ಲಿ ಯಾರೂ ಎಂದೂ ನಿರ್ಧರಿಸಲಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಅದು ಚರ್ಚೆಗೇ ಬರಲಿಲ್ಲ. ಹಣ ನಿರ್ಧರಿಸಿತು, ಜನ ಹಿಂಬಾಲಿಸಿದರು. ಹೊಸ ಕೆಲಸದ ಅಗತ್ಯ ಹಣದ ಪ್ರಕಟಣೆಗೆ ಮೊದಲೇ ನಮಗೆ ಕಂಡಿತ್ತೇ, ಅಥವಾ ಪ್ರಕಟಣೆ ಓದಿದ ಮೇಲೆ ಕಂಡಿತೇ ಎಂದು ಕೇಳಿಕೊಂಡರೆ ಉತ್ತರ ಸಾಮಾನ್ಯವಾಗಿ ಸ್ಪಷ್ಟವಾಗಿರುತ್ತದೆ. ಆ ಉತ್ತರವನ್ನು ಗಟ್ಟಿಯಾಗಿ ಹೇಳುವ ಒಬ್ಬರಾದರೂ ಸಭೆಯಲ್ಲಿರಬೇಕು.

ಗೆದ್ದಷ್ಟೂ ಬರಿದಾಗುವ ಲೆಕ್ಕ

ಅನುದಾನಗಳಲ್ಲಿ ಹೆಚ್ಚಿನವು ಯೋಜನೆಗೆ ಕಟ್ಟುಬಿದ್ದಿರುತ್ತವೆ. ಇಷ್ಟು ಹಣ, ಇಂಥ ಕೆಲಸಕ್ಕೆ, ಇಷ್ಟು ತಿಂಗಳು. ಕಚೇರಿಯ ಬಾಡಿಗೆ, ಲೆಕ್ಕಿಗರ ಸಂಬಳ, ಸಿಬ್ಬಂದಿಯ ತರಬೇತಿ, ಕಂಪ್ಯೂಟರ್ ರಿಪೇರಿ, ಮುಂದಿನ ಪ್ರಸ್ತಾವನೆ ಬರೆಯಲು ಬೇಕಾದ ಸಮಯ ಇವೆಲ್ಲ ‘ಆಡಳಿತ ವೆಚ್ಚ’ ಎಂಬ ತಲೆಬರಹದಡಿ ಹೋಗುತ್ತವೆ. ಅದಕ್ಕೆ ದಾನಿಗಳು ಮಿತಿ ಹಾಕುತ್ತಾರೆ.

ಲೆಕ್ಕ ಹಾಕಿ ನೋಡೋಣ. ಯೋಜನೆಯ ನೇರ ವೆಚ್ಚ 100 ಎಂದಿಟ್ಟುಕೊಳ್ಳಿ. ಅದನ್ನು ನಡೆಸಲು ನಿಜವಾಗಿ ತಗಲುವ ಆಡಳಿತ ವೆಚ್ಚ 25. ದಾನಿ ಕೊಡುವುದು 10. ಉಳಿದ 15 ಎಲ್ಲಿಂದಲೋ ಬರಬೇಕು. ಇಂಥ ಒಂದು ಅನುದಾನ ಗೆದ್ದರೆ ಕೊರತೆ 15, ನಾಲ್ಕು ಗೆದ್ದರೆ 60. ಹೆಚ್ಚು ಯೋಜನೆಗಳು ಬಂದಷ್ಟೂ ಸಂಸ್ಥೆ ಒಳಗೊಳಗೇ ಬಡವಾಗುತ್ತದೆ. ಆ ಹಳ್ಳವನ್ನು ತುಂಬಲು ಅದು ಇನ್ನೊಂದು ಅನುದಾನದ ಬೆನ್ನು ಹತ್ತುತ್ತದೆ, ಈ ಬಾರಿ ಧ್ಯೇಯಕ್ಕೆ ಹೊಂದುತ್ತದೋ ಇಲ್ಲವೋ ಎಂದು ನೋಡುವ ವ್ಯವಧಾನವೂ ಇರುವುದಿಲ್ಲ. ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವಾರ್ಡ್ 2009ರಲ್ಲಿ ಬರೆದ ಪ್ರಬಂಧವೊಂದು ಇದನ್ನು ಉಪವಾಸದ ಚಕ್ರವೆಂದು ಕರೆಯಿತು: ದಾನಿಗಳು ಅವಾಸ್ತವ ಮಿತಿ ಹಾಕುತ್ತಾರೆ, ಸಂಸ್ಥೆಗಳು ಅದಕ್ಕೆ ತಕ್ಕಂತೆ ನಿಜವಾದ ವೆಚ್ಚವನ್ನು ಕಡಿಮೆ ಮಾಡಿ ತೋರಿಸುತ್ತವೆ, ಆ ಕಡಿಮೆ ಅಂಕಿಯನ್ನು ಕಂಡ ದಾನಿಗಳು ಅಷ್ಟೇ ಸಾಕೆಂದು ನಂಬುತ್ತಾರೆ. ಸೇವಾಸಂಸ್ಥೆಗಳ ಮಾಹಿತಿಯನ್ನು ದಾನಿಗಳಿಗೆ ಒದಗಿಸುವ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಸೇರಿದಂತೆ ಮೂರು ಸಂಸ್ಥೆಗಳು 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಪ್ರಮಾಣವೊಂದನ್ನೇ ನೋಡಿ ಸಂಸ್ಥೆಯ ಯೋಗ್ಯತೆ ಅಳೆಯಬೇಡಿ ಎಂದು ಕೇಳಿಕೊಂಡವು.

ಧ್ಯೇಯ ಉಳಿಸಿಕೊಳ್ಳುವ ಬಗ್ಗೆ ಮಾತನಾಡುವವರು ಮೌಲ್ಯಗಳ ಬಗ್ಗೆ ಧಾರಾಳವಾಗಿ ಮಾತನಾಡುತ್ತಾರೆ, ಈ ಲೆಕ್ಕದ ಬಗ್ಗೆ ಮಾತನಾಡುವುದು ಕಡಿಮೆ. ನನಗೆ ಇದು ಆತಂಕದ ವಿಷಯ. ಮುಂದಿನ ತಿಂಗಳ ಸಂಬಳಕ್ಕೆ ಹಣವಿಲ್ಲದ ಸಂಸ್ಥೆಗೆ ಮೌಲ್ಯಗಳ ಪಟ್ಟಿಯನ್ನು ಗೋಡೆಗೆ ತೂಗುಹಾಕಿಕೊಂಡರೆ ಏನೂ ಪ್ರಯೋಜನವಿಲ್ಲ. ಮೊದಲು ಪ್ರತಿ ಯೋಜನೆಯ ಪೂರ್ಣ ವೆಚ್ಚವನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಆ ಅಂಕಿಯನ್ನು ದಾನಿಯ ಮುಂದೆ ಸಂಕೋಚವಿಲ್ಲದೆ ಇಡಬೇಕು. ದಾನಿ ಪೂರ್ತಿ ಕೊಡಲಾರರು ಎಂದಾದರೆ ಎರಡೇ ದಾರಿ: ಉಳಿದದ್ದು ಎಲ್ಲಿಂದ ಬರುತ್ತದೆಂದು ಬರೆದಿಟ್ಟುಕೊಂಡು ಒಪ್ಪುವುದು, ಅಥವಾ ಯೋಜನೆಯನ್ನೇ ಚಿಕ್ಕದು ಮಾಡುವುದು. ನೂರು ಮಕ್ಕಳಿಗೆ ಸಾಲುವ ಹಣದಲ್ಲಿ ನೂರೈವತ್ತು ಮಕ್ಕಳಿಗೆ ಕಲಿಸುತ್ತೇವೆಂದು ಮಾತು ಕೊಟ್ಟರೆ ಅದರ ಬೆಲೆ ತೆರುವವರು ಶಿಕ್ಷಕಿಯರು ಮತ್ತು ಮಕ್ಕಳು.

ಷರತ್ತು ಮತ್ತು ಮೂಲ

ಯಾರ ಹಣ ಬೇಡ, ಯಾವ ಷರತ್ತಿನ ಹಣ ಬೇಡ ಎಂಬ ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ಸಜ್ಜನರ ಹಣವೂ ಕೆಟ್ಟ ಷರತ್ತಿನೊಂದಿಗೆ ಬರಬಹುದು.

ಷರತ್ತಿನ ವಿಷಯದಲ್ಲಿ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್‌ನ ಪ್ರಕರಣ ಕಣ್ತೆರೆಸುವಂಥದ್ದು. ತನ್ನ ಸ್ವಾತಂತ್ರ್ಯಕ್ಕಾಗಿ ಸರ್ಕಾರಗಳಿಂದ ಹಣವನ್ನೇ ಪಡೆಯದ ಸಂಸ್ಥೆ ಅದು. ಆದರೂ 2012ರಲ್ಲಿ ಸೌದಿಯ ಉದ್ಯಮಿಯೊಬ್ಬರಿಂದ 4,70,000 ಡಾಲರ್ ದೇಣಿಗೆ ಸ್ವೀಕರಿಸಿತು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಕೆಲಸಕ್ಕೆ ಈ ಹಣ ಬಳಸಬಾರದು ಎಂಬ ಷರತ್ತು ಅದಕ್ಕಿತ್ತು. ಮಾನವ ಹಕ್ಕುಗಳು ಎಲ್ಲರಿಗೂ ಸೇರಿದ್ದೆಂದು ಹೇಳುವ ಸಂಸ್ಥೆ, ಒಂದು ವರ್ಗದ ಜನರನ್ನು ಹೊರಗಿಡುವ ಹಣವನ್ನು ಪಡೆದಿತ್ತು. ಕೊನೆಗೆ ಹಣವನ್ನು ಹಿಂದಿರುಗಿಸಿ, ಆ ನಿರ್ಧಾರ ತನ್ನ ಮೌಲ್ಯಗಳಿಗೆ ವಿರುದ್ಧವಾಗಿತ್ತೆಂದು 2020ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಹಣದ ಮೂಲದ ಮೇಲೆ ಅಷ್ಟು ಕಟ್ಟುನಿಟ್ಟಾದ ನಿಯಮವಿದ್ದರೂ ಷರತ್ತಿನ ಬಾಗಿಲಿನಿಂದ ಅಪಾಯ ಒಳಗೆ ಬಂದಿತ್ತು. ಈ ಹಣ ನಾವು ಮಾಡಬೇಕಾದ ಯಾವ ಕೆಲಸವನ್ನು ಬೇಡವೆನ್ನುತ್ತದೆ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಿಕೊಳ್ಳಲೇಬೇಕು.

ಮೂಲದ ಪ್ರಶ್ನೆ ಇನ್ನೊಂದು ಬಗೆಯದು. ಬೊಜ್ಜಿನ ಸಮಸ್ಯೆಗೆ ವ್ಯಾಯಾಮದ ಕೊರತೆಯ ಕಡೆಗೆ ಹೆಚ್ಚು ಬೆರಳು ತೋರಿಸಿದ ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್ ಎಂಬ ಲಾಭರಹಿತ ಸಂಸ್ಥೆಗೆ ಕೋಕಾ-ಕೋಲಾ ಕಂಪನಿ 15 ಲಕ್ಷ ಡಾಲರ್ ನೀಡಿದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಆ ವರ್ಷದ ಕೊನೆಯ ಹೊತ್ತಿಗೆ ಸಂಸ್ಥೆಯೇ ಮುಚ್ಚಿತು. ಅಲ್ಲಿನ ವಿಜ್ಞಾನಿಗಳು ತಾವು ಸ್ವತಂತ್ರರೆಂದೇ ಹೇಳಿದರು. ಆದರೆ ಸಕ್ಕರೆ ಪಾನೀಯ ಮಾರುವವರ ಹಣದಲ್ಲಿ ಸಕ್ಕರೆಯಿಂದ ಗಮನ ಬೇರೆಡೆಗೆ ಸೆಳೆಯುವ ಮಾತು ಬಂದಾಗ, ಮಾತು ನಿಜವೋ ಸುಳ್ಳೋ ಎಂದು ಕೇಳುವಷ್ಟು ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಇನ್ನು 2019ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯು ಸ್ಯಾಕ್ಲರ್ ಟ್ರಸ್ಟ್‌ನ 10 ಲಕ್ಷ ಪೌಂಡ್‌ಗಳ ಅನುದಾನವನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಲಕ್ಷಾಂತರ ಕುಟುಂಬಗಳನ್ನು ಹಾಳುಮಾಡಿದ ನೋವುನಿವಾರಕ ಮಾದಕದ ಚಟದೊಂದಿಗೆ ಸ್ಯಾಕ್ಲರ್ ಕುಟುಂಬದ ಔಷಧ ಕಂಪನಿಯ ಹೆಸರು ತಳಕುಹಾಕಿಕೊಂಡಿತ್ತು. ಆಮೇಲೆ ಹಲವು ವಸ್ತುಸಂಗ್ರಹಾಲಯಗಳು ಗೋಡೆಗಳ ಮೇಲಿದ್ದ ಆ ಹೆಸರನ್ನು ತೆಗೆದವು. ಹಣ ಪಡೆದು ಹೆಸರು ಕೆತ್ತಿಸುವುದು ಸುಲಭ, ಕೆತ್ತಿದ್ದನ್ನು ಕಿತ್ತುಹಾಕಲು ವರ್ಷಗಳೇ ಹಿಡಿಯುತ್ತವೆ.

ಬೇಡ ಎಂದವರು

ವೈದ್ಯಕೀಯ ನೆರವಿನ ಸಂಸ್ಥೆ ಮೆದ್ಸಾಂ ಸಾಂ ಫ್ರಾಂಟಿಯೇರ್ 1971ರಲ್ಲಿ ಆರಂಭವಾಯಿತು. ಗಡಿಗಳಿಲ್ಲದ ವೈದ್ಯರು ಎಂದು ಅದು ಲೋಕಕ್ಕೆಲ್ಲ ಪರಿಚಿತ. ಹಣದ ವಿಷಯದಲ್ಲಿ ಅದರ ನಡವಳಿಕೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

2004ರ ಡಿಸೆಂಬರ್‌ನಲ್ಲಿ ಹಿಂದೂ ಮಹಾಸಾಗರದ ಸುನಾಮಿ ಬಂದಾಗ ಜಗತ್ತಿನೆಲ್ಲೆಡೆಯಿಂದ ದೇಣಿಗೆ ಹರಿದುಬಂತು. ಕೆಲವೇ ದಿನಗಳಲ್ಲಿ ಈ ಸಂಸ್ಥೆ, ಸುನಾಮಿಗಾಗಿ ತನಗೆ ಬೇಕಾದಷ್ಟು ಹಣ ಬಂದಿದೆ, ಇನ್ನು ಅದಕ್ಕೆಂದೇ ಕೊಡಬೇಡಿ ಎಂದು ಹೇಳಿತು. ಬಂದಿರುವ ಹೆಚ್ಚುವರಿ ಹಣವನ್ನು ಬೇರೆ ಕಡೆಯ ತುರ್ತು ಕೆಲಸಗಳಿಗೆ ಬಳಸಬಹುದೇ ಎಂದು ದಾನಿಗಳನ್ನು ಕೇಳಿತು. ಬಹುಪಾಲು ದಾನಿಗಳು ಒಪ್ಪಿದರು. ಬರುತ್ತಿರುವ ಹಣವನ್ನು ಪಡೆದು ಆಮೇಲೆ ಖರ್ಚಿಗೆ ದಾರಿ ಹುಡುಕುವುದು ಆಗ ಎಷ್ಟು ಸುಲಭವಿತ್ತೆಂದು ಯೋಚಿಸಿ.

2016ರ ಜೂನ್‌ನಲ್ಲಿ ಅದು ಐರೋಪ್ಯ ಒಕ್ಕೂಟ ಮತ್ತು ಅದರ ಸದಸ್ಯ ರಾಷ್ಟ್ರಗಳಿಂದ ಇನ್ನು ಹಣ ಪಡೆಯುವುದಿಲ್ಲ ಎಂದು ಪ್ರಕಟಿಸಿತು. ನಿರಾಶ್ರಿತರನ್ನು ಟರ್ಕಿಗೆ ಮರಳಿ ಕಳುಹಿಸುವ ಒಪ್ಪಂದಕ್ಕೆ ಒಕ್ಕೂಟ ಸಹಿ ಹಾಕಿದ್ದೇ ಕಾರಣ. ಒಂದು ಕೈಯಿಂದ ನಿರಾಶ್ರಿತರನ್ನು ಹಿಂದಕ್ಕೆ ದೂಡುವ ಸರ್ಕಾರಗಳ ಹಣದಿಂದ ಅದೇ ನಿರಾಶ್ರಿತರ ಶುಶ್ರೂಷೆ ಮಾಡಲಾರೆವು ಎಂಬುದು ಅದರ ನಿಲುವಾಗಿತ್ತು. ಹಿಂದಿನ ವರ್ಷ ಒಕ್ಕೂಟದ ಸಂಸ್ಥೆಗಳಿಂದ 1.9 ಕೋಟಿ ಯೂರೊ, ಸದಸ್ಯ ರಾಷ್ಟ್ರಗಳಿಂದ 3.7 ಕೋಟಿ ಯೂರೊ ಬಂದಿತ್ತು. ಸಣ್ಣ ಮೊತ್ತವಲ್ಲ.

ಅದೇ ವರ್ಷ ಫೈಜರ್ ಕಂಪನಿ ಉಚಿತವಾಗಿ ಕೊಡಲು ಬಂದ ಹತ್ತು ಲಕ್ಷ ಡೋಸ್ ನ್ಯುಮೋನಿಯಾ ಲಸಿಕೆಯನ್ನೂ ಅದು ನಿರಾಕರಿಸಿತು. ಒಮ್ಮೆ ಸಿಗುವ ಉಚಿತ ಲಸಿಕೆಯಿಂದ ಬೆಲೆ ಇಳಿಯುವುದಿಲ್ಲ, ಎಲ್ಲ ಮಕ್ಕಳಿಗೂ ನಿಲುಕುವ ಬೆಲೆ ಬೇಕು ಎಂದು ವಾದಿಸಿತು. ಈ ನಿರ್ಧಾರ ನನ್ನನ್ನು ಇಂದಿಗೂ ಕಾಡುತ್ತದೆ. ಆ ಕ್ಷಣಕ್ಕೆ ಲಸಿಕೆ ಸಿಗದ ಮಗುವಿನ ತಾಯಿಗೆ ದೂರದ ಬೆಲೆ ನೀತಿಯ ಬಗ್ಗೆ ಏನು ಹೇಳುವುದು? ಸುಮಾರು ಒಂದು ತಿಂಗಳ ನಂತರ ಕಂಪನಿಯು ಮಾನವೀಯ ನೆರವಿನ ಸಂಸ್ಥೆಗಳಿಗೆ ಲಸಿಕೆಯ ಬೆಲೆ ಇಳಿಸುವುದಾಗಿ ಹೇಳಿತು ಎಂಬುದು ನಿಜ. ಹಾಗೆಂದು ನಿರಾಕರಣೆ ಯಾವಾಗಲೂ ಸರಿ ಎನ್ನಲು ಬರುವುದಿಲ್ಲ. ಬೇಡ ಎಂದಾಗ ಯಾರಿಗೆ ನಷ್ಟವಾಗುತ್ತದೆಂದು ಲೆಕ್ಕ ಹಾಕದೆ ಬೇಡ ಎನ್ನುವ ಹಕ್ಕು ಯಾವ ಸಂಸ್ಥೆಗೂ ಇಲ್ಲ.

ಈ ಸಂಸ್ಥೆಗೆ ಇದೆಲ್ಲ ಹೇಗೆ ಸಾಧ್ಯವಾಯಿತು? ಅಲ್ಲಿನವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಜೊತೆಗೆ ಅದರ ಆದಾಯದ ಶೇ. 90ಕ್ಕೂ ಹೆಚ್ಚು ಭಾಗ ಜಗತ್ತಿನ ಲಕ್ಷಾಂತರ ಜನರು ಕೊಡುವ ಖಾಸಗಿ ದೇಣಿಗೆಯಿಂದ ಬರುತ್ತಿತ್ತು. ಐದೂವರೆ ಕೋಟಿಗೂ ಹೆಚ್ಚು ಯೂರೊ ಕೈಬಿಟ್ಟರೂ ಆಸ್ಪತ್ರೆಗಳನ್ನು ಮುಚ್ಚಬೇಕಾಗಿರಲಿಲ್ಲ.

ಸಣ್ಣ ಸಂಸ್ಥೆ ಏನು ಮಾಡಬಹುದು

ಅಷ್ಟು ದಾನಿಗಳು ಎಲ್ಲರಿಗೂ ಸಿಗುವುದಿಲ್ಲ. ಹಾಗಾಗಿ ‘ಹಲವು ಮೂಲಗಳಿಂದ ಹಣ ತನ್ನಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದು ಅರ್ಧ ಸತ್ಯ. ವಿಲಿಯಂ ಫಾಸ್ಟರ್ ಮತ್ತು ಗೇಲ್ ಫೈನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1970ರ ನಂತರ ಅಮೆರಿಕದಲ್ಲಿ ಹುಟ್ಟಿದ ಎರಡು ಲಕ್ಷಕ್ಕೂ ಹೆಚ್ಚು ಸಂಸ್ಥೆಗಳ ಪೈಕಿ ವರ್ಷಕ್ಕೆ 5 ಕೋಟಿ ಡಾಲರ್ ಆದಾಯ ಮುಟ್ಟಿದವು 144 ಮಾತ್ರ ಎಂದು ಕಂಡುಬಂತು. ಅವುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಮೂಲವನ್ನು ಹಿಡಿದು ಬೆಳೆದಿದ್ದವು. ಒಂದೇ ಬಗೆಯೆಂದರೆ ಒಬ್ಬನೇ ದಾನಿಯೆಂದಲ್ಲ. ಸರ್ಕಾರಿ ಅನುದಾನ, ಕಂಪನಿಗಳ ನೆರವು, ಜನರ ಚಂದಾ, ಸಮಾರಂಭಗಳ ಟಿಕೆಟ್ ಎಂದು ಎಲ್ಲದರ ಹಿಂದೆ ಓಡುವ ಸಣ್ಣ ಸಂಸ್ಥೆ ನಾಲ್ಕೂ ಕಡೆ ಸೋಲುತ್ತದೆ, ನಾಲ್ಕು ಬಗೆಯ ನಿರೀಕ್ಷೆಗಳಿಗೆ ಬಾಗುತ್ತದೆ. ತನ್ನ ಧ್ಯೇಯವನ್ನು ಸಹಜವಾಗಿ ಮೆಚ್ಚುವ ಒಂದು ಬಗೆಯ ದಾನಿಗಳನ್ನು ಗುರುತಿಸಿ, ಆ ಬಗೆಯೊಳಗೆ ಹಲವರನ್ನು ಸೇರಿಸಿಕೊಳ್ಳುವುದು ಮೇಲು. ಯಾವ ಒಬ್ಬ ದಾನಿ ಹೋದರೂ ಸಂಸ್ಥೆ ಕುಸಿಯಬಾರದು ಎಂಬುದನ್ನು ಆಡಳಿತ ಮಂಡಳಿ ಅಂಕಿಯಾಗಿ ಬರೆದಿಟ್ಟುಕೊಳ್ಳಬೇಕು: ಒಬ್ಬರಿಂದ ಒಟ್ಟು ಆದಾಯದ ಇಂತಿಷ್ಟು ಭಾಗಕ್ಕಿಂತ ಹೆಚ್ಚು ಬಂದರೆ ಅದು ಚರ್ಚೆಯ ವಿಷಯ.

ಮೀಸಲು ನಿಧಿ ಇನ್ನೂ ಮುಖ್ಯ. ಮೂರರಿಂದ ಆರು ತಿಂಗಳ ಖರ್ಚಿಗೆ ಸಾಲುವಷ್ಟು ಹಣ, ಯಾವ ಯೋಜನೆಗೂ ಕಟ್ಟುಬೀಳದೆ ಬ್ಯಾಂಕಿನಲ್ಲಿದ್ದರೆ ಅರ್ಜಿ ಬರೆಯುವ ಕೈ ನಡುಗುವುದಿಲ್ಲ. ಇದನ್ನು ಕೂಡಿಸುವುದು ಕಷ್ಟ, ಏಕೆಂದರೆ ‘ಖರ್ಚಾಗದ ಹಣ’ ಕಂಡರೆ ದಾನಿಗಳು ಹುಬ್ಬು ಗಂಟಿಕ್ಕುತ್ತಾರೆ. ಷರತ್ತಿಲ್ಲದ ಸಣ್ಣ ದೇಣಿಗೆಗಳು ಇಲ್ಲಿ ನೆರವಿಗೆ ಬರುತ್ತವೆ. ಆ ಕಾರಣಕ್ಕೇ, ಕಟ್ಟುಪಾಡುಗಳಿರುವ ಹತ್ತು ರೂಪಾಯಿಗಿಂತ ಮುಕ್ತವಾದ ಎರಡು ರೂಪಾಯಿ ಎಷ್ಟೋ ಸಲ ಹೆಚ್ಚು ಬಾಳುತ್ತದೆ.

ಸ್ವಂತ ಸಂಪಾದನೆಯೂ ಒಂದು ದಾರಿ. ಡಾ. ಜಿ. ವೆಂಕಟಸ್ವಾಮಿ ಅವರು 1976ರಲ್ಲಿ ಮದುರೈಯಲ್ಲಿ ಆರಂಭಿಸಿದ ಅರವಿಂದ್ ಕಣ್ಣಾಸ್ಪತ್ರೆಯಲ್ಲಿ ಹಣ ತೆರುವ ರೋಗಿಗಳ ಶುಲ್ಕವೇ ಉಚಿತ ಚಿಕಿತ್ಸೆಯನ್ನು ಹೊರುತ್ತದೆ. ಸಂಪಾದನೆ ಮತ್ತು ಸೇವೆ ಅಲ್ಲಿ ಒಂದೇ ಕೆಲಸ, ಕಣ್ಣಿನ ಚಿಕಿತ್ಸೆ. ಹೆಚ್ಚು ರೋಗಿಗಳು ಬಂದಷ್ಟೂ ಎರಡೂ ಬೆಳೆಯುತ್ತವೆ. ಎಲ್ಲ ಕಡೆ ಹೀಗಾಗುವುದಿಲ್ಲ. ಮೆಕ್ಸಿಕೊದ ಕಂಪಾರ್ತಾಮೋಸ್ 1990ರಲ್ಲಿ ಬಡ ಮಹಿಳೆಯರಿಗೆ ಕಿರುಸಾಲ ಕೊಡುವ ಸೇವಾಸಂಸ್ಥೆಯಾಗಿ ಹುಟ್ಟಿ, ಕಂಪನಿಯಾಗಿ, 2007ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಆಗ ಅದರ ಸಾಲದ ವಾರ್ಷಿಕ ಬಡ್ಡಿ ಶೇ. 80ನ್ನೂ ದಾಟಿತ್ತು, ಹೂಡಿಕೆದಾರರಿಗೆ ಅಪಾರ ಲಾಭ ಬಂತು. ಕಿರುಸಾಲದ ಮಾದರಿಯನ್ನು ಜಗತ್ತಿಗೆ ಪರಿಚಯಿಸಿದ ಮುಹಮ್ಮದ್ ಯೂನುಸ್ ಅದನ್ನು ಕಟುವಾಗಿ ಟೀಕಿಸಿದರು. ಬಂಡವಾಳ ಬಂದದ್ದರಿಂದ ಇನ್ನೂ ಹೆಚ್ಚು ಬಡವರನ್ನು ತಲುಪಲಾಯಿತು ಎಂಬ ಸಮರ್ಥನೆಯೂ ಇದೆ. ಆದರೆ ಸಂಪಾದನೆ ಹೆಚ್ಚಿದಷ್ಟೂ ಸೇವೆ ಪಡೆಯುವವರ ಮೇಲಿನ ಹೊರೆ ಹೆಚ್ಚುವುದಾದರೆ ಆ ಸಂಪಾದನೆ ದಾನಿಯಷ್ಟೇ ಬಲವಾಗಿ ಸಂಸ್ಥೆಯನ್ನು ಎಳೆಯುತ್ತದೆ.

ದೇಣಿಗೆ ಸ್ವೀಕಾರದ ನೀತಿಯನ್ನು ಹಣ ಬಾಗಿಲಿಗೆ ಬರುವ ಮುಂಚೆಯೇ ಬರೆದಿಡಬೇಕು. ಚೆಕ್ ಮೇಜಿನ ಮೇಲಿರುವಾಗ ಬರೆದ ನೀತಿ ಆ ಚೆಕ್ಕಿಗೆ ಅನುಕೂಲವಾಗಿಯೇ ಇರುತ್ತದೆ. ಎರಡು ಪುಟ ಸಾಕು: ಯಾವ ಉದ್ಯಮಗಳ ಹಣ ನಮ್ಮ ಕೆಲಸಕ್ಕೆ ವಿರುದ್ಧ, ಯಾವ ಷರತ್ತುಗಳು ಒಪ್ಪಿಗೆಯಿಲ್ಲ, ಎಷ್ಟು ಮೊತ್ತದ ಮೇಲಿನದ್ದು ಮಂಡಳಿಯ ಮುಂದೆ ಹೋಗಬೇಕು, ಅನುದಾನ ಮುಗಿದ ಮೇಲೆ ನೇಮಕವಾದವರ ಮತ್ತು ಸೇವೆ ಪಡೆಯುತ್ತಿದ್ದವರ ಗತಿ ಏನು. ಹಣ ತರುವ ಹೊಣೆ ಹೊತ್ತವರೇ ಅದನ್ನು ಒಪ್ಪುವ ನಿರ್ಧಾರವನ್ನೂ ಮಾಡಬಾರದು. ಅವರ ಮೇಲೆ ಗುರಿಯ ಒತ್ತಡವಿರುತ್ತದೆ, ಅದು ಅವರ ತಪ್ಪಲ್ಲ. ಜೊತೆಗೆ, ಸೇವೆ ಪಡೆಯುವವರ ಒಬ್ಬಿಬ್ಬರು ಪ್ರತಿನಿಧಿಗಳು ಹೊಸ ಯೋಜನೆಯ ಚರ್ಚೆಯಲ್ಲಿರಲಿ. ‘ನಮಗೆ ಇದು ಬೇಕಾಗಿರಲಿಲ್ಲ’ ಎಂದು ಸರಳವಾಗಿ ಹೇಳಬಲ್ಲವರು ಅವರು ಮಾತ್ರ.

ದಾನಿಗಳ ಕಡೆಯಲ್ಲೂ ಗಾಳಿ ಸ್ವಲ್ಪ ಬದಲಾಗಿದೆ. ಅಮೆರಿಕದ ಫೋರ್ಡ್ ಪ್ರತಿಷ್ಠಾನ ಸಂಸ್ಥೆಗಳನ್ನೇ ಬಲಪಡಿಸಲು ಬಹುವರ್ಷಗಳ ಮುಕ್ತ ಅನುದಾನದ ನೂರು ಕೋಟಿ ಡಾಲರ್ ಕಾರ್ಯಕ್ರಮ ನಡೆಸಿತು. ಅಲ್ಲಿನದೇ ದಾನಿ ಮೆಕೆಂಜಿ ಸ್ಕಾಟ್ 2020ರಿಂದ ಈಚೆಗೆ ಸಾವಿರ ಕೋಟಿ ಡಾಲರ್‌ಗಿಂತಲೂ ಹೆಚ್ಚು ಹಣವನ್ನು ಬಹುಮಟ್ಟಿಗೆ ಷರತ್ತಿಲ್ಲದೆ ಕೊಟ್ಟಿದ್ದಾರೆ. ಇಂಥವರು ಕಡಿಮೆ. ಆದರೆ ಉಳಿದ ದಾನಿಗಳಲ್ಲೂ ಅನೇಕರು ಕೇಳಿದರೆ ಷರತ್ತು ಸಡಿಲಿಸುತ್ತಾರೆ. ಯಾರೂ ಕೇಳದಿದ್ದಾಗ ಈ ಷರತ್ತಿನಿಂದ ತೊಂದರೆಯಿದೆ ಎಂದೇ ಅವರಿಗೆ ತಿಳಿಯುವುದಿಲ್ಲ. ಪ್ರಕಟಣೆಯಲ್ಲಿ ಕೌಶಲ ತರಬೇತಿ ಎಂದಿದ್ದರೂ ಪ್ರತಿಷ್ಠಾನದ ಅಧಿಕಾರಿಗೆ ಒಂದು ಫೋನ್ ಮಾಡಿ, ‘ನಾವು ಓದು ಕಲಿಸುವವರು, ತರಬೇತಿ ಕೊಡುವವರಲ್ಲ, ಇದಕ್ಕೆ ಅವಕಾಶವಿದೆಯೇ’ ಎಂದು ಕೇಳುವುದಕ್ಕೆ ಖರ್ಚಿಲ್ಲ. ಇಲ್ಲ ಎಂದರೆ ಪ್ರಸ್ತಾವನೆ ಬರೆಯುವ ವಾರಗಳು ಉಳಿದವು.

ಇನ್ನು ಬೇಡ ಎಂದು ಹೇಳಬೇಕಾಗಿ ಬಂದರೆ ಬೇಗ ಹೇಳುವುದು ಒಳ್ಳೆಯದು, ಮಾತುಕತೆ ನಾಲ್ಕು ಸುತ್ತು ನಡೆದ ಮೇಲಲ್ಲ. ಕಾರಣವನ್ನು ಮುಚ್ಚಿಡದೆ, ದಾನಿಯ ಉದ್ದೇಶವನ್ನು ಹೀಗಳೆಯದೆ ಬರೆಯಬೇಕು. ಆ ಕೆಲಸವನ್ನು ನಿಮಗಿಂತ ಚೆನ್ನಾಗಿ ಮಾಡುವ ಇನ್ನೊಂದು ಸಂಸ್ಥೆ ಗೊತ್ತಿದ್ದರೆ ಅದರ ಹೆಸರನ್ನೂ ಅದೇ ಪತ್ರದಲ್ಲಿ ತಿಳಿಸಿ.